ಚೀಟಿ ನಂಬರ್ ನಾಲ್ಕು

ಜೂನ್ 4, ಮಂಗಳವಾರ

ಹದಿನೆಂಟು ಜನ ಅಂದಿದ್ದರು. ಬಂದದ್ದು ಹದಿಮೂರು. ಮೂರು ಮಾರ್ಕರಲ್ಲಿ ಎರಡು ಒಣಗಿವೆ. ಕುರ್ಚಿಗಳನ್ನ ನಾನೇ ಗುಂಡಗೆ ಜೋಡಿಸಿದೆ. ಪ್ರತಿ ಸಲ ಯಾರಾದರೂ ಒಬ್ಬರು ಕುರ್ಚಿ ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡೇ ಕೂರುತ್ತಾರೆ. ಈ ಸಲ ಕಟಿಂಗ್ ಶಾಪಿನವನು. ಸಂಜೆ ಹೊತ್ತು ತನ್ನ ಬೀದಿಯ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತಾನಂತೆ. ಪಕ್ಕದಲ್ಲಿ ಲೈಬ್ರರಿಯವಳು, ಆಮೇಲೆ ರಿಟೈರ್ಡ್ ಬಸ್ ಡ್ರೈವರ್ — ಅವರದು ಚೆಸ್. ಎಲ್ಲರೂ ತಮ್ಮ ತಮ್ಮ ಬಡಾವಣೆಯ ಹರೆಯದವರ ಜೊತೆ ಒಡನಾಡೋರು. ಆ ಮಕ್ಕಳು ಮನಸ್ಸು ಬಿಚ್ಚಿದಾಗ ಹೇಗೆ ಕೇಳಿಸಿಕೊಳ್ಳಬೇಕು ಅಂತ ಇವರಿಗೆ ಕಲಿಸೋದು ನನ್ನ ಕೆಲಸ. ಹದಿನಾರು ವರ್ಷದಿಂದ ಇದೇ ಪುರಾಣ.

ಬೋರ್ಡಿನ ಮೇಲೆ ಮೊದಲ ಸಾಲು ಯಾವಾಗಲೂ ಒಂದೇ. ಮಕ್ಕಳು ಹೇಳಿದ್ದು ಅವರ ಸ್ವತ್ತು. ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಅವರನ್ನ ಕೇಳದೆ ಇನ್ನೊಬ್ಬರ ಕಿವಿಗೆ ಹಾಕಬೇಡಿ. ಎಲ್ಲರೂ ತಲೆ ಆಡಿಸಿದರು. ತಲೆ ಆಡಿಸೋಕೆ ಏನು ಖರ್ಚು.

ಆರೂವರೆಗೆ ಮನೆ. ಮೂರನೇ ಮಹಡಿ, ಲಿಫ್ಟ್ ಮತ್ತೆ ಕೆಟ್ಟಿದೆ. ಎಂಟು ಗಂಟೆ ಹೊತ್ತು ಮಾತಾಡಿ ಬಂದರೆ ಇಲ್ಲಿ ಒಂದು ಮಾತಿಗೂ ಜನ ಇಲ್ಲ. ಫ್ರಿಜ್ ಗೊರ್ರ್ ಅಂತಿತ್ತು. ಸುಮ್ನಿರು ತಾಯಿ ಅಂದೆ. ಇವತ್ತಿನ ಮನೆಮಾತು ಅಷ್ಟೇ.

ಜೂನ್ 5, ಬುಧವಾರ

ಎರಡನೇ ದಿನ. ಚೀಟಿ ದಿನ. ಒಂದೊಂದು ಚೀಟಿಯಲ್ಲಿ ಒಂದೊಂದು ಮಗುವಿನ ಕಥೆ, ಹೆಸರು ಇಲ್ಲ, ಊರು ಇಲ್ಲ. ಗುಂಪಿನಲ್ಲಿ ಓದಬೇಕು, ಕೆಳಗಿನ ಪ್ರಶ್ನೆಗೆ ಉತ್ತರ ಹುಡುಕಬೇಕು. ಮಿಕ್ಕ ಚೀಟಿಗಳಿಗೆ ನಗು, ಜಗಳ ಎಲ್ಲ ಇರುತ್ತೆ. ನಾಲ್ಕನೇದು ಬಂದಾಗ ಮಾತ್ರ ಕೋಣೆ ತುಟಿ ಪಿಟಿಕ್ ಅನ್ನಲ್ಲ.

ಹದಿನೈದರ ಹುಡುಗಿ. ಅಪ್ಪ ಮನೆ ಬಿಟ್ಟು ಇನ್ನೊಂದು ಬಡಾವಣೆಯಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಹುಡುಗಿ ಪ್ರತಿ ಮಂಗಳವಾರ ಕ್ಲಾಸ್ ತಪ್ಪಿಸಿ, ಬಸ್ ಹತ್ತಿ, ಆ ಮನೆ ಗೇಟಿನ ಎದುರು ಸ್ಟಾಪಿನಲ್ಲಿ ಕೂರುತ್ತಾಳೆ. ಅಪ್ಪ ಕೆಲಸದಿಂದ ಬರೋದು ನೋಡಿ ವಾಪಸ್. ಮಾತಿಲ್ಲ ಕಥೆಯಿಲ್ಲ. ಒಂದು ದಿನ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡು ಅಮ್ಮನಿಗೆ ಹೇಳುತ್ತಾಳೆ. ಅಮ್ಮ ಕೇಳಿದ ಮೊದಲ ಪ್ರಶ್ನೆ: ಅವರು ನಿನ್ನನ್ನ ನೋಡಿದ್ರಾ? ಆಮೇಲೆ ಹುಡುಗಿ ಆ ವಿಷಯ ಎತ್ತಲೇ ಇಲ್ಲ.

ಕೆಳಗೆ: ತಾಯಿಯ ಪ್ರಶ್ನೆಯಲ್ಲಿ ತಪ್ಪೇನು?

ಉತ್ತರ ಬರೋಕೆ ಐದು ನಿಮಿಷ ಹಿಡಿಯುತ್ತೆ, ಬಂದೇ ಬರುತ್ತೆ. ತಾಯಿಗೆ ತನ್ನ ಚಿಂತೆಯೇ ಮುಂದಾಯ್ತು, ಮಗಳ ಸಂಕಟ ಕಾಣಲಿಲ್ಲ. ಸರಿ, ಅಂತೀನಿ. ಎಂಟು ವರ್ಷದಿಂದ ಅಂತಿದ್ದೀನಿ.

ಇವತ್ತು ಕಟಿಂಗ್ ಶಾಪಿನವನು ಕೈ ಎತ್ತಿದ. ಆ ತಾಯಿ ಆಮೇಲೆ ಏನು ಮಾಡಿದಳು ಮೇಡಂ ಅಂತ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಅಂದುಬಿಟ್ಟೆ.

ಗೊತ್ತಿಲ್ಲವಂತೆ! ಆ ಚೀಟಿ ಬರೆದು ತಿಂಗಳು ತಿಂಗಳು ಸಂಬಳ ತಗೊಂಡಳು, ಇನ್ನೇನು ಮಾಡಿದಳು.

ಜೂನ್ 9, ಭಾನುವಾರ

ಹತ್ತೂವರೆಗೆ ಮಗಳ ಫೋನ್. ಭಾನುವಾರದ ಇಪ್ಪತ್ತು ನಿಮಿಷ. ರೈಲಲ್ಲಿ ನಾಲ್ಕು ಗಂಟೆ ದೂರದಲ್ಲಿ ಇದ್ದಾಳೆ. ಅಲ್ಲಿನ ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಇಪ್ಪತ್ನಾಲ್ಕು ವರ್ಷ. ನೆಗಡಿ ಆಗಿದೆ, ಕೊಳದ ನೀರಿಗೆ ಕೂದಲು ಹಾಳಾಗ್ತಿದೆ, ಮನೆ ಓನರ್ ಕಿರಿಕಿರಿ. ನಮ್ಮ ಮಾತು ಯಾವಾಗಲೂ ಇಷ್ಟೇ ಆಳದ ನೀರು.

ಇವತ್ತು ಒಂದು ಹೊಸ ಸುದ್ದಿ. ಈಜು ಕಲಿಸೋರಿಗೆಲ್ಲ ಎರಡು ದಿನದ ಟ್ರೈನಿಂಗ್ ಕಡ್ಡಾಯವಂತೆ, ಹದಿನೇಳು ಹದಿನೆಂಟು. ನಿನ್ನ ಧಂದೆಗೆ ಸಿಕ್ಕಿಹಾಕಿಕೊಂಡೆ ಅಮ್ಮ ಅಂತ ನಕ್ಕಳು. ಯಾರು ಟ್ರೈನರ್ ಅಂತ ಕೇಳಿದರೆ — ನಮ್ಮ ಬಾಣ! ನಾನೇ ತಯಾರು ಮಾಡಿದ ಹುಡುಗಿ. ಮಾತು ಅಷ್ಟು ವೇಗ, ಅದಕ್ಕೇ ಆ ಹೆಸರು. ಹೆಮ್ಮೆ ಆಯ್ತು. ತಕ್ಷಣ ಬಾಣನಿಗೆ ಫೋನ್ ಮಾಡಿದೆ: ನನ್ನ ಮಗಳು ಬರ್ತಾಳೆ, ವಿಶೇಷ ಮರ್ಯಾದೆ ಏನೂ ಬೇಡ.

ದಿನವೆಲ್ಲ ಖುಷಿಯಾಗಿದ್ದೆ. ಕಿಟಕಿ ಒರೆಸಿದೆ.

ಜೂನ್ 18, ಮಂಗಳವಾರ, ಬೆಳಿಗ್ಗೆ 11.40

ಇಲ್ಲಿ ಹೊಸ ತಂಡ, ಟೀ ಬ್ರೇಕ್. ಚೀಟಿ ಹಂಚೋಕೆ ಲಕೋಟೆ ತೆರೆದಾಗ ತಲೆಗೆ ಹೊಳೀತು. ಅಲ್ಲೂ ಇವತ್ತು ಎರಡನೇ ದಿನ. ಅಲ್ಲೂ ಇದೇ ಹೊತ್ತಿಗೆ ಇದೇ ಲಕೋಟೆ. ಹೋದ ವರ್ಷ ಎಲ್ಲಾ ಸೆಂಟರಿಗೂ ಪ್ರಿಂಟ್ ಮಾಡಿ ಕಳಿಸಿದ್ದೇ ನಾವು.

ಬಾಣನ ಫೋನ್ ಆಫ್. ಮಗಳ ಫೋನ್ ಆಫ್. ಒಳಗೆ ಬಂದ ಕೂಡಲೇ ಎಲ್ಲರ ಫೋನೂ ಆಫ್ ಮಾಡಿಸಿ ಬುಟ್ಟಿಗೆ ಹಾಕಿಸಬೇಕು ಅನ್ನೋ ನಿಯಮ ನನ್ನದೇ.

ಒಂಬತ್ತು ದಿನ ಇತ್ತು. ಒಂಬತ್ತು ದಿನ ಒಂದು ಸಲವೂ ಹೊಳೆಯಲಿಲ್ಲ. ನಾಲ್ಕನೇ ಚೀಟಿ ಅವಳ ಕಥೆ ಅನ್ನೋದೇ ಮರೆತುಹೋಗಿತ್ತು, ನನ್ನ ಚೀಟಿ ಆಗಿಹೋಗಿತ್ತು.

ಸಂಜೆ 6.15

ಬಾಣ ಫೋನ್ ಮಾಡಿದಳು. ಉಸಿರು ಬಿಡದೆ ಮಾತು. ಅಕ್ಕ, ಸೂಪರ್ ಆಯ್ತು, ನಾಲ್ಕನೇ ಚೀಟಿಗಂತೂ ಇಡೀ ರೂಮ್ ಗಪ್‌ಚುಪ್. ನಿಮ್ಮ ಮಗಳದು ಒಳ್ಳೆ ಗಟ್ಟಿ ದನಿ ಅಂತ ಅವಳ ಕೈಲೇ ಓದಿಸಿದೆ.

ಓದಿದಳಾ, ಪೂರ್ತಿ? ಪೂರ್ತಿ ಓದಿದಳಂತೆ. ಕೆಳಗಿನ ಪ್ರಶ್ನೆ ಸಮೇತ. ಆಮೇಲೆ ನೀರು ಕುಡಿದು ಬರ್ತೀನಿ ಅಂತ ಹೋದವಳು ಹತ್ತು ನಿಮಿಷ ಬಿಟ್ಟು ಬಂದಳಂತೆ. ಕೊನೆವರೆಗೂ ಕೂತಿದ್ದಳು. ಸಹಿ ಹಾಕಿ ಹೋದಳು. ಬಾಣನಿಗೆ ಏನೂ ಗೊತ್ತಿಲ್ಲ. ಅವಳ ತಪ್ಪು ಎಳ್ಳಷ್ಟೂ ಇಲ್ಲ. ಶಹಬ್ಬಾಸ್ ಅಂದೆ.

7.50

ಮಗಳ ಮೆಸೇಜ್. ಒಂದೇ ಸಾಲು.

"ಗುರುವಾರನ ಮಂಗಳವಾರ ಮಾಡಿದ್ದೀಯ, ಥ್ಯಾಂಕ್ಸ್." ಗುರುತು ಸಿಗದಿರಲಿ ಅಂತ ಚೀಟಿಯಲ್ಲಿ ನಾನು ಬದಲಿಸಿದ್ದು ಅವಳು ಹೋಗ್ತಿದ್ದ ಆ ವಾರ ಒಂದನ್ನೇ.

ಜೂನ್ 23, ಭಾನುವಾರ

ಫೋನ್ ಇಲ್ಲ. ನಾನು ಮಾಡಿದೆ, ಎತ್ತಲಿಲ್ಲ.

ಜೂನ್ 30, ಭಾನುವಾರ

ಇಲ್ಲ.

ಜುಲೈ 2, ಮಂಗಳವಾರ

ಬಾಸ್ ಹತ್ತಿರ ಹೋದೆ. ನಾಲ್ಕನೇ ಚೀಟಿ ತೆಗೆಯಬೇಕು, ಎಲ್ಲಾ ಸೆಂಟರಿನಿಂದ. ಅವರಿಗೆ ಅರ್ಥವಾಗಲಿಲ್ಲ. ಜನ ಅತಿ ಹೆಚ್ಚು ಮೆಚ್ಚಿಕೊಂಡಿರೋದೇ ಅದು, ಹೆಸರಿಲ್ಲ ಊರಿಲ್ಲ, ಯಾರದು ಅಂತ ಯಾರಿಗೆ ಗೊತ್ತಾಗುತ್ತೆ ಮೇಡಂ ಅಂದರು. ಅದು ಯಾರದೋ ಅವಳಿಗೆ ಗೊತ್ತಾಗಿದೆ ಸಾರ್, ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮುಂದೆ ಏನೂ ಕೇಳಲಿಲ್ಲ. ಒಳ್ಳೆ ಮನುಷ್ಯ. ತೆಗೆಸಿಬಿಡಿ ಅಂದರು.

ಸಂಜೆ ನನ್ನ ಲಕೋಟೆಯ ಚೀಟಿ ಹರಿದೆ. ಹರಿದು ಏನು ಬಂತು. ಎಂಟು ವರ್ಷ ಊರ ಕಿವಿಗೆಲ್ಲ ಹಾಕಿ ಆಗಿದೆ.

ಯಾರ ಹತ್ತಿರವಾದರೂ ಹೇಳಿಕೊಳ್ಳೋಣ ಅಂದರೆ ಯಾರಿದ್ದಾರೆ? ನೆನಪಿಸಿಕೊಂಡೆ, ಕೂತು, ಒಂದೊಂದೇ ಮುಖ. ತಂಗಿ — ಅವಳಿಗೆ ಹೇಳಿದರೆ ಸಂಜೆಯೊಳಗೆ ಬಳಗಕ್ಕೆಲ್ಲ ಸುದ್ದಿ. ಬಾಣ — ಬೇಡ. ಮಿಕ್ಕವರೆಲ್ಲ ನನ್ನ ಹತ್ತಿರ ಟ್ರೈನಿಂಗ್ ಆದವರು. ನಾನು ಬಾಯಿ ತೆರೆದರೆ ನಾನು ಕಲಿಸಿದ ಹಾಗೇ ಹತ್ತು ಎಣಿಸಿ, ತಲೆ ಓರೆ ಮಾಡಿ, "ಆಗ ನಿಮಗೆ ಏನನ್ನಿಸ್ತು" ಅಂತ ಕೇಳೋರು.

ಜುಲೈ 7, ಭಾನುವಾರ

ಫೋನ್ ಮಾಡಿದಳು. ಎರಡು ನಿಮಿಷವೂ ಇಲ್ಲ.

ನಾನು ತಪ್ಪಾಯ್ತು ಪುಟ್ಟಿ, ಹೇಳಬೇಡ ಅಂತ ನೀನು ಅಂದಿದ್ದೆ, ನಾನು ಎಲ್ಲರಿಗೂ ಹೇಳಿದೆ ಅಂತ ಶುರು ಮಾಡಿದೆ. ಅದಲ್ಲ ಅಂದಳು. ಅದಕ್ಕೂ ಕೋಪ ಇದೆ, ಆದರೆ ಅದಲ್ಲ.

"ಕೆಳಗೆ ಒಂದು ಪ್ರಶ್ನೆ ಬರೆದಿದ್ದೀಯಲ್ಲ. ತಾಯಿ ಕೇಳಿದ್ರಲ್ಲಿ ತಪ್ಪೇನು ಅಂತ. ಅಂದ್ರೆ ನಿಂಗೆ ಗೊತ್ತಿತ್ತು. ಎಂಟು ವರ್ಷ ಕಂಡ ಕಂಡವರ ಮುಂದೆಲ್ಲ ತಪ್ಪು ಒಪ್ಕೊಂಡಿದ್ದೀಯ. ನಂಗೊಬ್ಬಳಿಗೆ ಬಿಟ್ಟು."

ಫೋನ್ ಇಟ್ಟಳು.

ಜುಲೈ 14, ಭಾನುವಾರ

ಫೋನ್ ಇಲ್ಲ.

ಕಾಗದ ಬರೆಯೋಕೆ ಕೂತೆ. ಮೊದಲ ಸಾಲು: ನಿನಗೆ ಹೇಗನ್ನಿಸಿರಬಹುದು ಅಂತ ನಾನು ಊಹಿಸಬಲ್ಲೆ. ಥೂ. ಟ್ರೈನಿಂಗಿನ ಮಾತು. ಎರಡನೇದು: ನಿನ್ನ ಕೋಪ ಸಹಜ. ಇದು ಹ್ಯಾಂಡೌಟಿನ ಆರನೇ ಪುಟ. ಹಾಳೆ ಮೇಲೆ ಹಾಳೆ ಹಾಳು. ನನ್ನ ಬಾಯಲ್ಲಿ ನನ್ನದು ಅನ್ನೋ ಒಂದು ಮಾತೂ ಉಳಿದಿಲ್ಲ. ಅತ್ತೆ. ಅತ್ತು ಮುಗಿಸಿ ಮುಖ ತೊಳೆದು ಬಂದರೆ ಮನೆ ಹಾಗೇ ಇದೆ, ಯಾರೂ ಏನಾಯ್ತು ಅನ್ನಲಿಲ್ಲ.

ಆ ಪ್ರಶ್ನೆ ಯಾಕೆ ಕೇಳಿದೆ ಅನ್ನೋದಕ್ಕೆ ಟ್ರೈನಿಂಗಿನಲ್ಲಿ ಸರಿ ಅನ್ನೋ ಉತ್ತರ ಇದೆ. ನಿಜವಾದ ಉತ್ತರ ಬೇರೆ ಇದೆ. ಅದನ್ನ ಈ ಡೈರಿಯಲ್ಲೂ ಬರೆದಿಲ್ಲ. ಈಗಲೂ ಕೈ ಬರ್ತಿಲ್ಲ.

ಜುಲೈ 28, ಭಾನುವಾರ, ಸಂಜೆ 4.20

ಫೋನ್ ಇನ್ನೂ ಚಾಲೂ ಇದೆ. ಮೇಜಿನ ಮೇಲೆ ಸ್ಪೀಕರ್ ಹಾಕಿ ಇಟ್ಟಿದ್ದೀನಿ. ಕೇಳ್ತಾನೇ ಬರೀತಿದ್ದೀನಿ.

ನಾಲ್ಕಕ್ಕೆ ಮಾಡಿದಳು, ಕೊಳದಿಂದಲೇ. ಒಂದು ಬ್ಯಾಚ್ ಹೋಗಿ ಇನ್ನೊಂದು ಬರೋ ಮಧ್ಯೆ. ಹೇಗಿದ್ದೀಯ ಅಂತ ಏನೂ ಇಲ್ಲ.

"ಆವತ್ತು ಯಾಕೆ ಹಾಗೆ ಕೇಳ್ದೆ? ಟ್ರೈನರ್ ಉತ್ತರ ಬೇಡ ಅಮ್ಮ."

ಫೋನ್ ಮೇಜಿನ ಮೇಲೆ ಇಟ್ಟು ಸ್ಪೀಕರ್ ಹಾಕಿದೆ. ಆಮೇಲೆ ಹೇಳಿದೆ. ನಾನೂ ಹೋಗ್ತಿದ್ದೆ. ಸೋಮವಾರ. ಆಫೀಸಿಗೆ ತಲೆನೋವು ಅಂತ ಹೇಳಿ. ನಾಲ್ಕು ಸಲ. ನಿನ್ನನ್ನ ನೋಡಿದ್ರೆ ನನ್ನನ್ನೂ ನೋಡಿರ್ತಾರೆ, ತಾಯಿ ಮಗಳು ಇಬ್ಬರೂ ಪಾಳಿ ಹಾಕ್ಕೊಂಡು ಬರ್ತಾರೆ ಅಂತ ಆ ಮನೇಲಿ ಕೂತು ನಗ್ತಾರೆ ಅಂತ... ನಾಚಿಕೆಗೆ ಕೇಳಿದೆ. ನಿನ್ನ ಬಗ್ಗೆ ಯೋಚನೆಯೇ ಬರಲಿಲ್ಲ. ನನ್ನ ಮಾನ ಒಂದೇ ತಲೆಯಲ್ಲಿ ಇದ್ದದ್ದು.

ಅವಳ ಹಿಂದೆ ನೀರಿನ ಸದ್ದು. ಆಮೇಲೆ ಸಣ್ಣಗೆ ಕೇಳಿದಳು.

"ಎಲ್ಲಿ ಕೂರ್ತಿದ್ದೆ?"

"ಮೆಡಿಕಲ್ ಶಾಪ್ ಮೆಟ್ಟಿಲ ಮೇಲೆ."

"ಅಲ್ಲಿಂದ ಗೇಟು ಕಾಣ್ಸಲ್ವಲ್ಲ ಅಮ್ಮ."

"ಹೂಂ. ಕಾಣ್ಸಲ್ಲ."

ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅಷ್ಟರಲ್ಲಿ ಸೀಟಿ, ಮಕ್ಕಳ ಗದ್ದಲ. ಬ್ಯಾಚ್ ಬಂತು, ಇಡಬೇಡ, ಹಾಗೇ ಇರು ಅಂದಳು. ಫೋನ್ ಎಲ್ಲೋ ಬೆಂಚಿನ ಮೇಲೆ ಇಟ್ಟ ಸದ್ದು.

ಕೇಳ್ತಾ ಕೂತಿದ್ದೀನಿ. ಅವಳು ಕಲಿಸೋದನ್ನ ಇವತ್ತಿನವರೆಗೆ ಕೇಳಿರಲಿಲ್ಲ. ದನಿ ನಿಜಕ್ಕೂ ಗಟ್ಟಿ. ಉಸಿರು ತಗೋ, ಕಾಲು ಆಡಿಸು, ಗೋಡೆ ಬಿಡು. ಯಾವುದೋ ಹುಡುಗಿ ಧುಮುಕಲ್ಲ ಮಿಸ್, ಆಗಲ್ಲ ಅಂತ ಹಟ ಮಾಡ್ತಿದ್ದಾಳೆ. ಮಿಕ್ಕ ಮಕ್ಕಳು ಅವಳನ್ನ ರೇಗಿಸ್ತಿದ್ದಾರೆ. ಮಗಳು ಅವರನ್ನ ಸುಮ್ಮನಿರಿಸಿದಳು. ಈಗ ಏನೋ ಬುದ್ಧಿ ಹೇಳ್ತಾಳೆ ಅಂದುಕೊಂಡೆ. ಇಲ್ಲ. ಮೆಲ್ಲಗೆ, ನಂಗೂ ಹೆದ್ರಿಕೆ ಆಗ್ತಿತ್ತು ಕಣೇ, ಅಂದಳು.

ಅಷ್ಟೇ ಅಂದದ್ದು. ಇಷ್ಟು ಸಣ್ಣ ಮಾತು.

ಆ ಹುಡುಗಿ ಧುಮುಕಿದಳೋ ಇಲ್ಲವೋ, ಗಲಾಟೆಯಲ್ಲಿ ಗೊತ್ತಾಗಲಿಲ್ಲ. ಎಲ್ಲರೂ ಕೂಗ್ತಿದ್ದಾರೆ. ಒದ್ದೆ ಚಪ್ಪಲಿ ಸಪ್ಪಳ, ಹತ್ತಿರ ಬರ್ತಿದೆ. ಫೋನ್ ಎತ್ತಿಕೊಂಡಳು. ಅಮ್ಮ, ಇನ್ನೂ ಇದ್ದೀಯಾ ಅಂತ ಕೇಳ್ತಿದ್ದಾಳೆ, ಪೆನ್ನು ಇಡ್ತೀನಿ.