ಮುಯ್ಯಾಳು ಸಂಘಕ್ಕೆ ಹೊಸ ಅಧ್ಯಕ್ಷೆ

ಉಪ್ಪಿನಬೆಟಗೇರಿ
೧೪ ಸೆಪ್ಟೆಂಬರ್ ೨೦೨೫

ಮಗಳೇ ದಾಕ್ಷಾಯಿಣಿ,

ನಿನಗೂ ಅಳಿಯಂದಿರಿಗೂ ನನ್ನ ಮೊಮ್ಮಗಳು ಜಯಾಗೂ ಅವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಬಾಗಲಕೋಟೆಯ ಬಿಸಿಲು ಈಗಲಾದರೂ ಇಳಿದಿದೆಯೋ ಇಲ್ಲವೋ.

ಜಯಾ ಫೋನಿನಲ್ಲಿ, “ಆಯಿ, ನಿಮ್ಮೂರ ಸಂಘದ ಕತಿ ಬರದು ಕಳಸು, ಸಾಲ್ಯಾಗ ಹೇಳಬೇಕು” ಎಂದು ಕೇಳಿ ತಿಂಗಳಾಯಿತು. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಎದ್ದೆ. ಯಾಕೆ ಎದ್ದೆ ಎಂಬುದೂ ಈ ಕಾಗದದಲ್ಲಿದೆ. ಮೊದಲಿನದನ್ನು ಜಯಾಗೆ ಓದಿ ಹೇಳು. ಉಳಿದದ್ದು ನಿನಗೆ ಮಾತ್ರ.

ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ, ಬಿತ್ತನೆ ಹೊತ್ತಿಗೆ ಸರಿಯಾಗಿ ನಮ್ಮ ಓಣಿಯ ಬಡೇಸಾಬ ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಹೊಲ ಹದವಾಗಿತ್ತು, ಅವನ ಮನೆಯಲ್ಲಿ ದುಡಿಯುವ ಬೇರೆ ಗಂಡಾಳು ಇರಲಿಲ್ಲ. ನಿನ್ನಜ್ಜ ಚನ್ನಯ್ಯನವರು ನಮ್ಮ ಎತ್ತುಗಳನ್ನು ಬಿಚ್ಚಿ, “ಅವನ ಹೊಲ ಬಿತ್ತೂತನಕಾ ನಮ್ಮ ಹೊಲಕ್ಕ ಕೂರಿಗಿ ಹೂಡೂದು ಬ್ಯಾಡ” ಅಂದರು. ಓಣಿಯ ಮಂದಿ ಹಿಂದೆ ಹೋದರು. ಅದೇ ಮುಯ್ಯಾಳು ಸಂಘವಾಯಿತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಉಪಕಾರದ ಮಾತೂ ಇಲ್ಲ. ಆಮೇಲೆ ಅದು ಹೊಲದಲ್ಲೇ ನಿಲ್ಲಲಿಲ್ಲ. ಧಾರವಾಡದ ಸತ್ತೂರ ದವಾಖಾನೆಯಲ್ಲಿ ಯಾರಾದರೂ ಮಲಗಿದರೆ ಪಾಳಿ ಹಚ್ಚಿ ಜೊತೆಗೆ ಕೂತರು, ರಕ್ತ ಕೊಟ್ಟರು. ಎತ್ತು ಸತ್ತವನಿಗೆ ತಮ್ಮ ಎತ್ತು ಕೊಟ್ಟರು. ನಿಮ್ಮಪ್ಪ ಅಧ್ಯಕ್ಷರಾಗಿದ್ದಾಗ ಎಲ್ಲರೂ ಕೂಡಿ ಟ್ರ್ಯಾಕ್ಟರ್ ತಂದರು.

ಜಯಾಗೆ ಇಷ್ಟು ಸಾಕು. ಅವಳನ್ನು ಆಡಲಿಕ್ಕೆ ಕಳಿಸು.

ಇಷ್ಟೆಲ್ಲ ಮಂದಿಗೆ ರೊಟ್ಟಿ ಬಡಿದವಳು ನಾನು. ಯಾರ ಹೊಲದ ಕೆಲಸವೇ ಇರಲಿ, ಬುತ್ತಿ ನಮ್ಮ ಮನೆಯಿಂದ ಹೋಗುತ್ತಿತ್ತು. ಹೆಂಗಸರು ಆಗ ಸಂಘದ ಸದಸ್ಯರಲ್ಲ. ಸಭೆ ನಮ್ಮ ಪಡಸಾಲೆಯಲ್ಲೇ ನಡೆದರೂ ನಾನು ಅಡುಗೆಮನೆಯ ಬಾಗಿಲಿನಾಚೆ ನಿಂತು ಕೇಳುತ್ತಿದ್ದೆ. ಯಾರ ಬೆಳೆ ಏನಾಗಿದೆ, ಯಾರಿಗೆ ಯಾರೊಂದಿಗೆ ಮುನಿಸು, ಎಲ್ಲ ಗೊತ್ತಿತ್ತು. ನಿಮ್ಮಪ್ಪ ಊಟಕ್ಕೆ ಕೂತಾಗ ನಾನು ಹೇಳಿದ್ದನ್ನು ಮರುದಿನ ಸಭೆಯಲ್ಲಿ ತಮ್ಮ ಮಾತಾಗಿ ಹೇಳುತ್ತಿದ್ದರು. ಮಂದಿ ತಲೆದೂಗುತ್ತಿದ್ದರು. ಆಗ ನನಗೆ ಬೇಸರವಿರಲಿಲ್ಲ.

ಹೋದ ತಿಂಗಳು ಬಡೇಸಾಬನ ಸೊಸೆ ಲಾಲಬಿಗೆ ಆಪರೇಷನ್ ಆಯಿತು. ಗಂಡ ಇಲ್ಲದವಳು. ಮಗ ಫರಾಜ ಅವಳೊಂದಿಗೆ ದವಾಖಾನೆಯಲ್ಲಿದ್ದ. ಅವಳ ಹೆಸರು ಬೆಳೆ ಒಣಗಿ ನಿಂತಿತ್ತು, ಮೋಡ ಕಟ್ಟಿತ್ತು. ಸಂಘದ ಗಂಡಸರೆಲ್ಲ ತಮ್ಮ ತಮ್ಮ ಹೆಸರು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದರು. ಹಿರಿಯ ಹನಮೇಶ, “ಎರಡು ದಿನ ತಡೀರಿ” ಅಂದ. ನಿನ್ನ ತಮ್ಮನ ಹೆಂಡತಿ ಶಾಂಭವಿ ತಡೆಯಲಿಲ್ಲ. ಮನೆ ಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿದಳು. “ಮಳಿ ಎರಡು ದಿನ ತಡೀತದೇನ್ರಿ?” ಎಂದು ಹನಮೇಶನ ಹೆಂಡತಿಯನ್ನೇ ಮೊದಲು ಕರೆದೊಯ್ದಳು. ಕಾಯಿ ಬಿಡಿಸಿ, ಚೀಲ ತುಂಬಿ, ಸಮುದಾಯ ಭವನದೊಳಗೆ ಹರವಿದರು. ಸಂಜೆಗೆ ಮಳೆ ಹೊಡೆಯಿತು. ಊರಲ್ಲಿ ಬಹಳ ಮಂದಿಯ ಹೆಸರು ನೆನೆದು ಕರ್ರಗಾಯಿತು, ಲಾಲಬಿಯದು ಉಳಿಯಿತು.

ಅದಾದ ಮೇಲೆ ಹೆಂಗಸರನ್ನೂ ಸಂಘಕ್ಕೆ ಸೇರಿಸಿದರು. ಶಾಂಭವಿಯನ್ನು ಅಧ್ಯಕ್ಷೆ ಮಾಡಿದರು.

ಈಗ ಬೆಳಗಾದರೆ ಮಂದಿ ಅಂಗಳಕ್ಕೆ ಬಂದು, “ಶಾಂಭವಿ ಅಕ್ಕಾರು ಅದಾರೇನ್ರಿ?” ಅನ್ನುತ್ತಾರೆ. ನಾನೇ ಎದುರಿಗೆ ನಿಂತಿರುತ್ತೇನೆ, ನನ್ನ ಭುಜದ ಮೇಲಿಂದ ಒಳಗೆ ನೋಡುತ್ತಾರೆ. ಅವಳು ಧಾರವಾಡ ಪೇಟೆಯಲ್ಲಿ ಬೆಳೆದವಳು. ಬಂದ ಹೊಸದರಲ್ಲಿ ಹೆಸರಿಗೂ ಉದ್ದಿಗೂ ವ್ಯತ್ಯಾಸ ಹೇಳಿಕೊಟ್ಟವಳು ನಾನು. ದಾಕ್ಷಾಯಿಣಿ, ನನಗೆ ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ.

ಅವಳನ್ನು ಸನ್ಮಾನಿಸುವ ಸಭೆಯ ದಿನ ನಾನು ಮೊಣಕಾಲು ನೋವೆಂದು ಮಲಗಿಬಿಟ್ಟೆ. ಊಟ ಹೇಗೆ ಮಾಡುತ್ತಾರೋ ನೋಡೋಣ ಎಂಬ ಹಟ. ನಿನ್ನ ತಮ್ಮ ಬಸವಕಿರಣ ಧಾರವಾಡದ ಖಾನಾವಳಿಯೊಂದಕ್ಕೆ ಹೇಳಿ ಊಟ ತರಿಸಿದ. ಉಂಡವರು ನಮ್ಮ ಕಿಟಕಿಯ ಕೆಳಗೆ ಕೈ ತೊಳೆಯುತ್ತ, “ಬದನಿಕಾಯಿ ಪಲ್ಲೆ ಛಲೋ ಇತ್ತು ನೋಡು” ಎಂದು ಮಾತಾಡಿಕೊಂಡರು. ಚನ್ನಬಸವ್ವ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಮೈಕಿನಲ್ಲಿ ಶಾಂಭವಿಯ ಮಾತೂ ಕೇಳಿಸಿತು. “ನಮ್ಮ ಅತ್ತಿಯವರ ಕೈಯಾಗಿನ ರೊಟ್ಟಿ ತಿಂದು ಈ ಸಂಘ ಬೆಳದದರಿ” ಅಂದಳು. ಚಪ್ಪಾಳೆ ತಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಇನ್ನಷ್ಟು ಉರಿಯಿತು. ಬರೀ ರೊಟ್ಟಿಯೇ?

ಮನೆಗೆ ಬಂದವಳು ಹಾರ ತೆಗೆದಿಟ್ಟು, ಎಣ್ಣೆ ಬಿಸಿ ಮಾಡಿಕೊಂಡು ನನ್ನ ಕಾಲ ಬಳಿ ಕೂತಳು. “ಯಾವ ಕಾಲ್ರಿ ಅತ್ತಿ?” ಅಂದಳು. ಬೆಳಿಗ್ಗೆ ಬಲಗಾಲು ಅಂದಿದ್ದೆ, ಮರೆತು ಎಡಗಾಲು ಚಾಚಿದೆ. ಅವಳು ಮುಖ ಎತ್ತಿ ನೋಡಿದಳು. ಎರಡಕ್ಕೂ ಹಚ್ಚಿದಳು. ತಿಕ್ಕುತ್ತಲೇ, “ನೀವೂ ಸದಸ್ಯರಾಗ್ರಿ. ನನಗ ಹೊಲದ್ದು ಏನ್ ತಿಳೀತದ? ಬಾಜೂಕ ಕುಂತು ಹೇಳ್ರಿ” ಅಂದಳು.

“ಈಗ್ಯಾಕವ್ವ ನನಗ” ಅಂದೆ. ಹೂಂ ಅನ್ನಬೇಕೆಂದು ಬಾಯಿತನಕ ಬಂದಿತ್ತು. ಅದು ಅವಳು ಕೊಡುವ ಜಾಗ ಎಂಬುದಕ್ಕೇ ಹೂಂ ಅನ್ನಲು ಬಾಯಿ ಬರಲಿಲ್ಲ. ಅವಳಿಗೆ ಬೇರೆ ಯಾರಾದರೂ ಸಿಗುತ್ತಾರೆ ಬಿಡು.

ಮಳೆಗಾಲದಲ್ಲಿ ಜಯಾಗೆ ತಣ್ಣೀರು ಹಾಕಬೇಡ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಮಾಡಿಟ್ಟಿದ್ದೇನೆ, ಯಾರಾದರೂ ಬರುವವರಿದ್ದರೆ ಕೊಟ್ಟು ಕಳಿಸುತ್ತೇನೆ. ನಿನ್ನ ಸಂಸಾರ ತಂಪಾಗಿರಲಿ, ಶಿವ ನಿನ್ನ ಕೈ ಬಿಡದಿರಲಿ.

ನಿನ್ನ ಅವ್ವ,
ಚನ್ನಬಸವ್ವ

ತಾ.ಕ.: ನಿನ್ನೆ ಲಾಲಬಿಯನ್ನು ನೋಡಲು ಹೋಗಿದ್ದೆ. “ಹನಮೇಶ ಕಾಕಾಗ ಫೋನ್ ಮಾಡಿ ಅಧ್ಯಕ್ಷಿ ಮಾಡಾಕ ಶಾಂಭವಿ ಹೆಸರು ಹೇಳಿದಾಕಿ ನಿಮ್ಮ ಮಗಳಂತ ಅಕ್ಕಾ, ಎಷ್ಟ ದೊಡ್ಡ ಮನಸ್ಸು” ಅಂದಳು. ನಾನು ಗೊತ್ತಿದ್ದವಳಂತೆ ನಕ್ಕೆ. ನಿಮ್ಮಪ್ಪ ತೀರಿಕೊಂಡ ವರ್ಷ, ಅವರ ಜಾಗದಲ್ಲಿ ನನ್ನನ್ನು ಸದಸ್ಯಳಾಗಿ ತಗೊಳ್ರಿ ಎಂದು ನಾನು ಪಡಸಾಲೆಗೆ ಬಂದು ಕೇಳಿದ್ದೆ. ಹನಮೇಶ ಇನ್ನೂ ಬಾಯಿ ತೆರೆದಿರಲಿಲ್ಲ. ನೀನು ನನ್ನ ಸೆರಗು ಜಗ್ಗಿ, “ಸುಮ್ನ ಒಳಗ ನಡಿ ಅವ್ವಾ, ಮಂದಿ ನಗ್ತಾರ” ಅಂದಿ. ಮಂದಿ ಯಾರೂ ನಕ್ಕಿರಲಿಲ್ಲ. ಶಾಂಭವಿ ತಕ್ಕವಳು, ನೀನು ಹೇಳಿದ್ದು ತಪ್ಪಲ್ಲ. ಆದರೆ ಅವಳ ಹೆಸರು ಹೇಳುವಾಗ ನಿನಗೆ ಒಂದು ಸಲವಾದರೂ ನಾನು ನೆನಪಾದೆನೇ?