ಗುರುತಿಗೆ ಕೊಟ್ಟ ಹಸಿರು

ಮಾವ,

ಆ ಭಾನುವಾರ ಮಧ್ಯಾಹ್ನ ಹೊಳೆನರಸೀಪುರದ ನಿಮ್ಮ ಸ್ಟುಡಿಯೊದಲ್ಲಿ ಗಿರಾಕಿಗಳಿರಲಿಲ್ಲ. ನಿಮ್ಮ ಮಗ ಮದುವೆಯೊಂದರ ಫೋಟೊ ತೆಗೆಯಲು ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಹಾಸನದ ನನ್ನ ಮನೆಯ ಕಂಪ್ಯೂಟರ್ ಕೆಟ್ಟಿದ್ದರಿಂದ ಅವನದನ್ನು ಬಳಸಲು ಬಂದಿದ್ದೆ. ಹರದನಹಳ್ಳಿಯ ಹೊಲದಲ್ಲಿ ದೂರದರ್ಶಕವಿಟ್ಟು ತೆಗೆದ ನೀಹಾರಿಕೆಯ ಮೂರು ಚಿತ್ರಗಳನ್ನು ಪರದೆಯ ಮೇಲೆ ತೆರೆದೆ. ಮೂರೂ ಕಪ್ಪು ಬಿಳುಪು. ನೀವು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದಿರಿ.

“ಈ ಕಾಲ್ದಲ್ಲೂ ಬ್ಲಾಕ್ ಅಂಡ್ ವೈಟಾ? ಬಣ್ಣದ ರೀಲು ಬಂತು ಅಂತ ನಾನು ಬುಟ್ಟ ಕಸುಬನ್ನ ನೀನು ಇಡ್ಕಂಡಿದ್ದೀಯಲ್ಲೋ!”

ನಾನು ವಿವರಿಸತೊಡಗಿದ್ದು ನೆನಪಿದೆ. ನೀಹಾರಿಕೆಯೆಂದರೆ ನಕ್ಷತ್ರಗಳ ನಡುವೆ ಹರಡಿದ ಅನಿಲದ ಮೋಡ; ಒಂದೊಂದು ಅನಿಲವೂ ತನ್ನದೇ ಆದ ಬೆಳಕನ್ನು ಸೂಸುತ್ತದೆ. ಆ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್ ಹಾಕಿ ಗಂಧಕಕ್ಕೊಂದು, ಹೈಡ್ರೋಜನ್ನಿಗೊಂದು, ಆಮ್ಲಜನಕಕ್ಕೊಂದು ಚಿತ್ರ ತೆಗೆಯಬೇಕು. ಈ ಕ್ಯಾಮೆರಾಕ್ಕೆ ತಿಳಿಯುವುದು ಬೆಳಕು ಎಷ್ಟೆಂಬುದು ಮಾತ್ರ. ಬಣ್ಣ ಕೊಡುವವರು ನಾವು: ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ.

“ನಿಜ್ವಾದ ಬಣ್ಣ ಅದೇನಾ?”

“ಅಲ್ಲ ಮಾವ. ಗಂಧಕದ್ದೂ ಕೆಂಪೇ, ಹೈಡ್ರೋಜನ್ದೂ ಕೆಂಪೇ. ಎರಡಕ್ಕೂ ಕೆಂಪು ಕೊಟ್ರೆ ಯಾವ್ದು ಎಲ್ಲೈತೆ ಅಂತ ಗೊತ್ತಾಗಲ್ಲ.”

ನೀವು ಗೋಡೆಯ ಮೇಲಿನ ಹಳೆಯ ಫೋಟೊದ ಕಡೆ ತಿರುಗಿದಿರಿ.

ಆ ಫೋಟೊವನ್ನು ಚಿಕ್ಕಂದಿನಿಂದಲೂ ನೋಡಿದ್ದೇನೆ. ನಿಮ್ಮ ಅವಳಿ ತಂಗಿಯರು: ನನ್ನ ಅವ್ವ ಗೌರಿ ಮತ್ತು ಫೋಟೊ ತೆಗೆಸಿದ ವರ್ಷವೇ ಜ್ವರದಲ್ಲಿ ತೀರಿಕೊಂಡ ಗಂಗೆ. ಇಬ್ಬರದೂ ಒಂದೇ ಮುಖ, ಇಬ್ಬರಿಗೂ ಒಂದೇ ತಾನಿನ ಬಟ್ಟೆಯ ಕೆಂಪು ಲಂಗ. ಗಂಗೆ ಹೋದ ಮೇಲೆ ಅಜ್ಜಿ ಫೋಟೊದ ಮುಂದೆ ನಿಂತು, ಇದರಲ್ಲಿ ಅವಳು ಯಾವಳು ಎಂದು ಕೇಳುತ್ತಲೇ ಇದ್ದರಂತೆ. ಫೋಟೊ ತೆಗೆಯುವಾಗ ಪಕ್ಕದಲ್ಲಿದ್ದ ನಿಮಗೆ ಮಾತ್ರ ಅದು ಗೊತ್ತಿತ್ತು. ಕಪ್ಪು ಬಿಳುಪು ಫೋಟೊಗಳಿಗೆ ಕೈಯಿಂದ ಬಣ್ಣ ತುಂಬುವುದನ್ನು ಆಗಷ್ಟೇ ಕಲಿಯುತ್ತಿದ್ದ ನೀವು ಗಂಗೆಯ ಲಂಗಕ್ಕೆ ಕೆಂಪನ್ನೇ ಹಚ್ಚಿ, ಅವ್ವನದಕ್ಕೆ ಹಸಿರು ಹಚ್ಚಿದಿರಿ. ಮುಂದೆ, ಸೀರೆಯ ಬಣ್ಣ ನೆನಪಿಲ್ಲವೆಂದ ಗಿರಾಕಿಗಳಿಗೆ ಸೀರೆಯನ್ನು ಬೂದು ಬಣ್ಣದಲ್ಲೇ ಉಳಿಸಿ, ಮುಖಕ್ಕಷ್ಟೇ ಬಣ್ಣ ಹಚ್ಚಿ ಕೊಡುತ್ತಿದ್ದವರು ನೀವು. ತಿಳಿದೂ ತಿಳಿದೂ ಸುಳ್ಳು ಬಣ್ಣ ಹಚ್ಚಿದ್ದು ಅದೊಂದಕ್ಕೇ. ಅವ್ವ ಅದನ್ನು ಎಂದಾದರೂ ಮನ್ನಿಸಿದಳೇ? ಸ್ಟುಡಿಯೊಗೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು.

“ನಂದೂ ಕೆಂಪೇ ಕಣಣ್ಣ. ಸತ್ತೋಳ್ಗೆ ನಿಜ, ಬದ್ಕಿರೋಳ್ಗೆ ಸುಳ್ಳು. ಚೆನ್ನಾಗೈತೆ ನಿನ್ ನ್ಯಾಯ!”

ನೀವು ನಕ್ಕು ಕಾಫಿ ತರಿಸುತ್ತಿದ್ದಿರಿ.

ಮೂರು ಚಿತ್ರಗಳನ್ನು ಒಂದುಗೂಡಿಸಿದಾಗ ಪರದೆಯೆಲ್ಲ ಹಸಿರಾಯಿತು. ಹೈಡ್ರೋಜನ್ ಮಿಕ್ಕೆರಡಕ್ಕಿಂತ ಪ್ರಬಲವಾದ್ದರಿಂದ ಹಾಗಾಗುವುದು ಸಹಜ. “ಪಾಚಿ ಕಟ್ಟಿದ ಕಲ್ಯಾಣಿ ಇದ್ದಂಗೈತೆ ಕಣ್ಲಾ” ಎಂದಿರಿ. ಈ ಹವ್ಯಾಸದವರು ಸಾಮಾನ್ಯವಾಗಿ ಮಾಡುವಂತೆ ನಾನು ಹಸಿರನ್ನು ತಗ್ಗಿಸಿದೆ. ಅಂಚುಗಳು ಹೊಂಬಣ್ಣಕ್ಕೆ ತಿರುಗಿದವು. ನಡುವೆ ಆಮ್ಲಜನಕ ತಿಳಿನೀಲಿಯಾಗಿ ಮೂಡಿತು. ಇದನ್ನು ಇಲ್ಲಿ ತೂಗುಹಾಕುತ್ತೀರಾ ಎಂದು ಕೇಳಿದೆ.

“ಸೊಗ್ಸಾಗೈತೆ. ಅಸ್ರು ಎಲ್ಲೋಯ್ತು?”

“ಕಮ್ಮಿ ಮಾಡ್ದೆ ಮಾವ. ನೋಡೋಕೆ ಚೆಂದ ಇರ್ಲಿ ಅಂತ.”

“ಗುರ್ತಿಗೆ ಅಂತ ಕೊಟ್ಟಿದ್ದನ್ನ ಚೆಂದಕ್ಕೆ ಅಂತ ತೆಗುದ್ರೆ ಗುರ್ತು ಎಲ್ಲುಳೀತ್ಲಾ? ನಾನು ನೇತಾಕಲ್ಲ.”

ಕಂಪ್ಯೂಟರ್ ಆರಿಸಿ ಹೊರಡುವಾಗ, ನಾನು ಕೇಳದೆಯೇ ನೀವು ಹೇಳಿದಿರಿ: “ಗಂಗೆ ಇನ್ಯಾವತ್ತೂ ಬ್ಯಾರೆ ಲಂಗ ಉಡಂಗಿರ್ನಿಲ್ಲ. ಅದ್ಕೇ ಅವಳ್ದು ಮುಟ್ನಿಲ್ಲ. ನಿಮ್ಮವ್ವ ಉಟ್ಕತಾಳೆ, ಅಸ್ರೋ ಅಳ್ದಿಯೋ, ಏನ್ ಬೇಕಾದ್ರೂ. ಅವಳ ಬಣ್ಣ ಬದ್ಲಾಯ್ಸಿದ್ರೆ ನಡೀತದೆ ಅನ್ಕಂಡೆ.”

ಅವ್ವನಿಗೆ ಇದನ್ನು ಏಕೆ ಹೇಳಲಿಲ್ಲ ಎಂದೆ.

“ಏನಂತ ಏಳ್ಲಿ? ಆಗ ಅವ್ಳಿನ್ನೂ ಮಗು. ಆಮ್ಯಾಕೆ...” ಎಂದು ನಿಲ್ಲಿಸಿ, ಪಂಚೆಯ ಚುಂಗಿನಿಂದ ಫೋಟೊದ ಗಾಜು ಒರೆಸಿದಿರಿ.

ನೀವು ನಮ್ಮನ್ನಗಲಿದ ಮೇಲೆ ಆ ಚಿತ್ರವನ್ನು ಮೊದಲಿನಿಂದ ಮತ್ತೆ ಸಂಸ್ಕರಿಸಿದೆ. ಮೂರು ಅನಿಲಗಳೂ ಬೇರೆ ಬೇರೆಯಾಗಿ ತೋರುವಷ್ಟು ಹಸಿರು ಉಳಿಸಿದೆ. ಮೊದಲಿನದರಷ್ಟು ಸೊಗಸಾಗಿಲ್ಲ. ಕೆಳಗೆ ಹೀಗೆ ಅಚ್ಚು ಹಾಕಿಸಿದೆ: ‘ಇವು ಕಣ್ಣಿಗೆ ಕಾಣುವ ಬಣ್ಣಗಳಲ್ಲ. ಗುರುತಿಗಾಗಿ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ.’ ನಿಮ್ಮ ಮಗ ಅದನ್ನು ಅವಳಿಗಳ ಫೋಟೊದ ಪಕ್ಕದಲ್ಲೇ ತೂಗುಹಾಕಿದ. ನೀವು ಒಪ್ಪುತ್ತಿದ್ದಿರೇ?

ಅಂದು ಅವ್ವನೂ ಜೊತೆಗಿದ್ದಳು. ಚಿತ್ರ ನೋಡಬೇಕಾದ್ದರಿಂದ ಆ ಗೋಡೆಯ ಕಡೆ ತಿರುಗಲೇಬೇಕಾಯಿತು. ಕೆಳಗಿನ ಬರಹವನ್ನು ನಿಧಾನವಾಗಿ ಓದಿ, ಹೈಡ್ರೋಜನ್ನಿನ ನಿಜ ಬಣ್ಣ ಯಾವುದೆಂದು ಕೇಳಿದಳು. ಕೆಂಪು ಎಂದೆ. ಆಮೇಲೆ ನೀವು ಆ ಭಾನುವಾರ ಹೇಳಿದ್ದನ್ನೆಲ್ಲ ಹೇಳಿದೆ.

ಅವ್ವ ಅವಳಿಗಳ ಫೋಟೊದ ಹತ್ತಿರ ಹೋಗಿ ನಿಂತಳು. ನಂತರ ಬೈದಳು.

“ಇಷ್ಟು ಏಳಕ್ಕೆ ನಮ್ಮಣ್ಣಂಗೆ ಬಾಯಿರ್ನಿಲ್ವಾ? ಮುದ್ಕಿ ಆಗೋಗಂಟ ಬೆನ್ನು ತಿರುಗ್ಸಿ ಕೂರುಸ್ದ!” ಸೆರಗಿನಿಂದ ಮೂಗು ಒರೆಸಿಕೊಂಡು, “ನಮ್ಮದ್ರ ಕೆಳಗೂ ಬರಿ ಕಣಪ್ಪ. ಗಂಗೆ, ಗೌರಿ ಅಂತ. ಇಬ್ಬರ್ದೂ ಕೆಂಪೇ, ಗೌರಿಗೆ ಗುರ್ತಿಗೆ ಅಸ್ರು ಅಂತ” ಎಂದಳು.

ಬರೆದಿದ್ದೇನೆ, ಮಾವ. ಗಂಗೆಯ ಹೆಸರು ಆ ಗೋಡೆಯ ಮೇಲೆ ಬಂದದ್ದು ಅದೇ ಮೊದಲು. ಈಗ ಅವ್ವ ಸ್ಟುಡಿಯೊಗೆ ಬಂದರೆ ಕುರ್ಚಿಯನ್ನು ತಾನೇ ತಿರುಗಿಸಿಕೊಂಡು, ಫೋಟೊ ಕಾಣುವಂತೆ ಕೂರುತ್ತಾಳೆ. ಕಾಫಿಯನ್ನು ನಿಮ್ಮ ಮಗ ತರಿಸುತ್ತಾನೆ.

ನಿಮ್ಮ ಸೋದರಳಿಯ