ಬೂಷ್ಟು ಹಿಡಿದ ಶೇಂಗಾಕ್ಕೆ ಸರಕಾರಿ ಉತ್ತರ

ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ಬೂಷ್ಟು ಹಿಡಿದ ಶೇಂಗಾದಲ್ಲಿ ವಿಷ ಇದೆಯೇ ಎಂದು ಪರೀಕ್ಷಿಸಿ ಹೇಳಿ ಎಂದು ಕೇಳಿದ್ದೆ. 'ಸದರಿ ಮಾದರಿಯು ಬೂಷ್ಟು ಹಿಡಿದು ಮಾನವ ಸೇವನೆಗೆ ಯೋಗ್ಯವಲ್ಲದ ಸ್ಥಿತಿಯಲ್ಲಿರುವುದರಿಂದ ಪರೀಕ್ಷೆಗೆ ಸ್ವೀಕರಿಸಲು ಅವಕಾಶವಿರುವುದಿಲ್ಲ' ಎಂದು ನಿಮ್ಮ ಕಚೇರಿ ಹಿಂಬರಹ ಕೊಟ್ಟಿದೆ. ಕೈಮುಗಿದೆ. ಜ್ವರ ಬಂದವನಿಗೆ, ಮೈ ಬಿಸಿಯಾಗಿದೆ, ಹಾಗಾಗಿ ನೋಡಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದಂತಾಯಿತು.

ನಾನು ಮುರಗೋಡದಲ್ಲಿ ಖಾರ ಕುಟ್ಟುವ ಗಿರಣಿ ಇಟ್ಟುಕೊಂಡವನು. ವಯಸ್ಸು ಐವತ್ತು. ಬರೆಯುವುದಕ್ಕಿಂತ ಮಾತಾಡುವುದು ಸಲೀಸು. ಮೊಬೈಲಿನಲ್ಲಿ ತುಂಡು ತುಂಡಾಗಿ ಮಾತಾಡಿ ಕಳಿಸಿದ್ದನ್ನು ಮಗಳು ಐಶ್ವರ್ಯಾ ಬರಹಕ್ಕೆ ಇಳಿಸಿದ್ದಾಳೆ. ಬೈಗುಳ ಅವಳೇ ತೆಗೆದಿದ್ದಾಳೆ. ಉಳಿದದ್ದಕ್ಕೆ ನಾನು ಹೊಣೆ.

ನನ್ನ ಅಕ್ಕ ಲಗಮವ್ವ ಇಪ್ಪತ್ತೆರಡು ವರ್ಷದಿಂದ ನಮ್ಮೂರ ಶೇಂಗಾ ಗೋದಾಮಿನಲ್ಲಿ ಕಾಳು ಆರಿಸುತ್ತಾಳೆ. ಅಲ್ಲಿಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ, ಬಂದಿದ್ದರೆ ತಾನೆ? ಒಣಗಿದ ಕಾಯಿಯನ್ನು ಹಾಗೇ ಯಂತ್ರಕ್ಕೆ ಸುರಿದರೆ ಕಾಳು ಒಡೆದು ಹೋಳಾಗುತ್ತದೆ, ಹೋಳಿಗೆ ದರ ಇಲ್ಲ. ಅದಕ್ಕೇ ಹಿಂದಿನ ದಿನ ರಾಶಿಗೆ ನೀರು ಚಿಮುಕಿಸಿ ತಾಡಪಾಲು ಹೊದಿಸುತ್ತಾರೆ. ನೀರು, ಬೆಚ್ಚಗಿನ ಹೊದಿಕೆ, ಗಾಳಿ ಆಡದ ಕೋಣೆ. ಬಾಣಂತಿಗೂ ಇಷ್ಟು ಆರೈಕೆ ಸಿಗುವುದಿಲ್ಲ. ಬೂಷ್ಟು ಬೆಳೆಯದೆ ಇನ್ನೇನು ಮಾಡೀತು? ಸಿಪ್ಪೆ ಬಿಡಿಸಿದ ಮೇಲೆ ಹದಿನಾಲ್ಕು ಹೆಂಗಸರು ಸಾಲಾಗಿ ಕುಳಿತು ಕಪ್ಪಾದದ್ದು, ಮುದುಡಿದ್ದು, ಹಸಿರು ಪುಡಿ ಹತ್ತಿದ್ದು ಎಲ್ಲ ಬೇರೆ ಮಾಡುತ್ತಾರೆ. ಚೊಕ್ಕ ಕಾಳು ಲಾರಿ ಹತ್ತುತ್ತದೆ. ಆರಿಸಿ ತೆಗೆದದ್ದನ್ನು ಶನಿವಾರ ಆ ಹೆಂಗಸರಿಗೇ ಪುಕ್ಕಟೆ ಹಂಚುತ್ತಾರೆ. ಅದು ಕೂಲಿಯ ಮೇಲಿನ ಪ್ರೀತಿಯಂತೆ! ಕೆಟ್ಟ ಕಾಳನ್ನು ದೂರದಿಂದಲೇ ಗುರುತಿಸುವಷ್ಟು ಕಣ್ಣು ಪಳಗಿದವರೇ ಅದನ್ನು ಮನೆಗೆ ಒಯ್ದು, ಹುರಿದು, ಚಟ್ನಿಪುಡಿ ಮಾಡಿಸಿ, ದಿನವೂ ರೊಟ್ಟಿಗೆ ಹಚ್ಚಿಕೊಂಡು ಉಣ್ಣುತ್ತಾರೆ.

ಕುಟ್ಟಿಕೊಡುವವನು ನಾನೇ. "ಬಾಳೇಶಣ್ಣ, ಒಂದೀಟ ಕಮಟ ವಾಸನಿ ಹೊಡಿತೈತಿ ನೋಡು" ಎಂದರೆ, "ಬಳ್ಳೊಳ್ಳಿ ನಾಕ ಗಡ್ಡಿ ಹೆಚ್ಚ ಹಾಕ್ರಿ, ಖಾರ ಜಬರದಸ್ತ್ ಮಾಡ್ರಿ, ಹೋಗತೈತಿ" ಎಂದು ಹೇಳಿದ ಪಂಡಿತನೂ ನಾನೇ. ವಾಸನೆ ಹೋಯಿತು. ಹೋಗಬೇಕಾದದ್ದು ಹೋಗಲಿಲ್ಲ. ಹಾಗಾಗಿ ಈ ಪತ್ರದಲ್ಲಿ ನಿಮಗೆ ಹಾಕುವ ಛೀಮಾರಿಯಲ್ಲಿ ಅರ್ಧ ನನ್ನದೂ ಹೌದು.

ಬಸವ ಜಯಂತಿ ಕಳೆದ ಮೇಲೆ ಅಕ್ಕನಿಗೆ ಊಟ ಸೇರದಾಯಿತು. ಬಲಪಕ್ಕೆಯಲ್ಲಿ ಭಾರ. ಬೈಲಹೊಂಗಲದ ಡಾಕ್ಟರು ರಕ್ತ, ಸ್ಕ್ಯಾನು ಎಲ್ಲ ಮಾಡಿಸಿ ನನ್ನನ್ನು ಒಳಗೆ ಕರೆದರು. ಆಕೆಗೆ ಹೆಪಟೈಟಿಸ್ ಬಿ ಎಷ್ಟೋ ವರ್ಷದಿಂದ ಇದೆ, ನಮಗೆ ಗೊತ್ತೇ ಇರಲಿಲ್ಲ. ಯಕೃತ್ತು ಗಟ್ಟಿಯಾಗಲು ಶುರುವಾಗಿದೆ. ಕ್ಯಾನ್ಸರಿನ ಗಂಟು ಇನ್ನೂ ಕಂಡಿಲ್ಲ. ಏನು ಉಣ್ಣುತ್ತಾರೆ ಎಂದು ಕೇಳಿದರು, ಹೇಳಿದೆ. ಪೆನ್ನು ಕೆಳಗಿಟ್ಟರು.

"ನೋಡ್ರಿ, ಶೇಂಗಾದಿಂದನ ಹಿಂಗಾತು ಅಂತ ನಾ ಹೇಳಂಗಿಲ್ಲ. ಆದ್ರ ಆ ಬೂಷ್ಟಿನಾಗ ಅಫ್ಲಾಟಾಕ್ಸಿನ್ ಅಂತ ವಿಷ ಇರತೈತಿ. ಅದು ಹೊಡಿಯೂದು ಲಿವರ್‌ನ. ವರ್ಷಾನುಗಟ್ಟಲೆ ತಿಂದ್ರ ಕ್ಯಾನ್ಸರ್ ಆಗೂ ಸಂಭವ ಹೆಚ್ಚತೈತಿ. ಹೆಪಟೈಟಿಸ್ ಬಿ ಇದ್ದವ್ರಿಗಂತೂ ಎಷ್ಟೋ ಪಟ್ಟು."

"ಹುರದ್ರ ಹೋಗಂಗಿಲ್ಲೇನ್ರಿ ಸಾಹೇಬ್ರ?"

"ಪೂರಾ ಹೋಗಂಗಿಲ್ಲ. ತೊಳದ್ರೂ ಅಷ್ಟ. ಗುಳಿಗಿ ನಾ ಕೊಡತೇನಿ, ಆ ಕಾಳು ನೀವು ಬಿಡಸ್ರಿ."

ಬಿಡಿಸುವುದೇ? ನೀವು ಲಗಮವ್ವನನ್ನು ನೋಡಿಲ್ಲ. "ಇಪ್ಪತ್ತೆರಡ ವರ್ಷ ತಿಂದೇನಿ, ಸತ್ತೇನೇನು? ನೀ ಯಾವ ಊರ ಡಾಕ್ಟರೋ? ಕೆಟ್ಟೈತಿ ಅಂತ ಸರಕಾರದವ್ರು ಶಿಕ್ಕಾ ಹೊಡದ ಕೊಡಲಿ, ಅವತ್ತ ಬಿಡತೇನಿ" ಎಂದಳು. ನಿಮ್ಮ ಮೇಲೆ ಇಷ್ಟು ನಂಬಿಕೆ ಇಟ್ಟ ಇನ್ನೊಬ್ಬ ಪ್ರಜೆ ಈ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಕಾಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದೆ. ನಿಮ್ಮ ಗುಮಾಸ್ತರು ಚೀಲವನ್ನು ತಿರುವಿ ತಿರುವಿ ನೋಡಿ, "ಬ್ಯಾಚ್ ನಂಬರ್ ಎಲ್ಲೈತ್ರಿ?" ಎಂದರು.

"ಇದು ಆರಿಸಿ ತಗದ ಕಾಳ್ರಿ. ಪುಕ್ಕಟೆ ಕೊಡತಾರ."

"ಮಾರಾಟದ್ದಲ್ಲ? ಹಂಗಾರ ಇದನ್ನ ಆಹಾರ ಅಂತ ಹೆಂಗ ಹಿಡಿಯೂದು?"

"ತಿನ್ನಾಕತ್ತಾರಲ್ರಿ!"

"ತಿಂದದ್ದೆಲ್ಲಾ ಆಹಾರ ಆಗಂಗಿಲ್ರಿ ಯಜಮಾನ್ರ."

ಇಷ್ಟು ಆಳವಾದ ಮಾತನ್ನು ನಮ್ಮೂರ ಮಠದ ಪ್ರವಚನದಲ್ಲೂ ಕೇಳಿರಲಿಲ್ಲ. ಕೊನೆಗೆ ಅರ್ಜಿ ಬರೆಸಿಕೊಂಡು ಚೀಲವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಮಳೆಗಾಲದ ಇಪ್ಪತ್ಮೂರು ದಿನ ಅದು ಅಲ್ಲೇ ಇತ್ತು, ಗಂಟು ಸಹ ಬಿಚ್ಚದೆ. ನಾನು ಕೊಟ್ಟಾಗ ಕಾಳಿನ ಮೇಲೆ ಅಲ್ಲಲ್ಲಿ ಹಸಿರು ಇತ್ತು. ವಾಪಸು ಕೊಟ್ಟಾಗ ಹಸಿರಿನ ಒಳಗೆ ಅಲ್ಲಲ್ಲಿ ಕಾಳು ಇತ್ತು. ರಾಜ್ಯದಲ್ಲಿ ಇಷ್ಟು ಚೆನ್ನಾಗಿ ಕೃಷಿ ಮಾಡುವ ಇಲಾಖೆ ಬೇರೊಂದಿಲ್ಲ.

ಆದರೂ ನಿಮ್ಮ ಹಿಂಬರಹ ಒಂದು ಕೆಲಸ ಮಾಡಿತು. ಶಿಕ್ಕೆ ನೋಡಿದ ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. "ಮಾನವ ಸೇವನೆ ಅಂದ್ರೇನು?" ಎಂದಳು. "ಮನಷ್ಯಾರು ತಿನ್ನೂದು." "ಆತು ಬಿಡು, ಇನ್ ಮ್ಯಾಲ ತಿನ್ನಂಗಿಲ್ಲ" ಎಂದಳು. ಪರೀಕ್ಷೆಯಿಲ್ಲದೆ ಗುಣ ಮಾಡಿದಿರಲ್ಲ ಎಂದು ಮನಸ್ಸಿನಲ್ಲೇ ನಿಮಗೆ ಶರಣು ಹೇಳಿದೆ.

ಎಂಟು ದಿನ ಬಿಟ್ಟು ಆಕೆಯ ಮನೆಗೆ ಹೋದೆ. ಚಹಾ ಕೊಟ್ಟಳು. ಮೂಲೆಯ ಚೀಲ ಖಾಲಿ ಇತ್ತು.

"ಕಾಳು ಎಲ್ಲಿ ಚೆಲ್ಲಿದಿ ಅಕ್ಕಾ?"

"ಚೆಲ್ಲೂದ್ಯಾಕ? ಬಂಗಾರದಂಥಾ ಶೇಂಗಾ. ಎಮ್ಮಿಗೆ ಹಾಕಾಕತ್ತೇನಿ. ಹಾಲು ಎಷ್ಟ ಗಟ್ಟಿ ಆಗ್ಯಾವ, ಚಾ ಕುಡದ ಹೇಳು."

ಕಪ್ಪು ಕೆಳಗಿಟ್ಟು ಡಾಕ್ಟರಿಗೆ ಫೋನು ಹಚ್ಚಿದೆ. ದನ ತಿಂದ ವಿಷದ ಒಂದು ಪಾಲು ಹಾಲಿಗೂ ಇಳಿಯುತ್ತದೆ ಎಂದರು. ಅಕ್ಕನಿಗೆ ಹೇಳಿದರೆ ಸೊಂಟಕ್ಕೆ ಕೈಕೊಟ್ಟು ನಿಂತಳು: "ಎಮ್ಮಿ ಮನಷ್ಯಾಳೇನೋ? ಕಾಗದದಾಗ ಎಮ್ಮಿ ಎಲ್ಲೈತಿ, ತೋರಸು!"

ಇಲ್ಲ ಸಾಹೇಬರೇ. ಹುಡುಕಿದೆ. ನಿಮ್ಮ ಕಾಗದದಲ್ಲಿ ಎಮ್ಮೆ ಇಲ್ಲ. ಆ ಹಾಲನ್ನು ಅಕ್ಕ ಕುಡಿಯುತ್ತಾಳೆ. ಅಕ್ಕನ ಮೊಮ್ಮಗಳು, ನಾಲ್ಕು ವರ್ಷದ ಗಂಗಾ, ಎರಡು ಹೊತ್ತೂ ಕುಡಿಯುತ್ತಾಳೆ. ಅಕ್ಕನ ಜೊತೆಗೇ ಕಾಳು ಆರಿಸುವ ನೆರೆಯ ಮಾಯವ್ವನ ಮನೆಗೆ ಹಾಲು ಹೋಗುವುದಿಲ್ಲ, ಅವಳು ತನ್ನ ಪಾಲಿನ ಕಾಳನ್ನು, ನಾನು ಕುಟ್ಟಲು ಒಲ್ಲೆ ಎಂದ ಮೇಲೆ, ಮನೆಯ ಒರಳಿನಲ್ಲೇ ಕುಟ್ಟಿ ಇನ್ನೂ ಚಟ್ನಿ ಮಾಡುತ್ತಿದ್ದಾಳೆ. ಆ ಹಿಂಬರಹ ಲಗಮವ್ವನ ತಮ್ಮನ ಹೆಸರಿಗೆ ಬಂದದ್ದು, ತನಗಲ್ಲ ಎನ್ನುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬರುವ ಶನಿವಾರ ಸಂಜೆ ಐದಕ್ಕೆ ಗೋದಾಮಿನಲ್ಲಿ ಕಾಳು ಹಂಚುತ್ತಾರೆ. ಬರ್ರಿ. ನಿಮ್ಮ ಕೈಯಾರೆ ಮಾದರಿ ತೆಗೆದು ಅವತ್ತೇ ಪ್ರಯೋಗಾಲಯಕ್ಕೆ ಕಳಿಸಿ. ರಾಶಿಗೆ ನೀರು ಹೊಡೆಯುವುದನ್ನು ನಿಲ್ಲಿಸಿ. ಆರಿಸಿ ತೆಗೆದದ್ದನ್ನು ಹಂಚಲು ಬಿಡದೆ ಮಣ್ಣಿಗೆ ಹಾಕಿಸಿ. ಆರೋಗ್ಯ ಇಲಾಖೆಯವರನ್ನು ಜೊತೆಗೆ ಕರೆತಂದು ಆ ಹದಿನಾಲ್ಕು ಹೆಂಗಸರ ರಕ್ತ ನೋಡಿಸಿ, ಹೆಪಟೈಟಿಸ್ ಇಲ್ಲದವರಿಗೆ ಲಸಿಕೆ ಹಾಕಿಸಿ. ಹೊಸ ಕಾಗದ ಬರೆಯುವಾಗ 'ಮನುಷ್ಯರು, ಎಮ್ಮೆ, ಆಕಳು, ಆಡು, ಕೋಳಿ' ಎಂದು ಎಲ್ಲರ ಹೆಸರೂ ಹಾಕಿ, ಒಂದನ್ನೂ ಬಿಡಬೇಡಿ. ಅಕ್ಕ ಅಕ್ಷರ ಬಲ್ಲವಳಲ್ಲ, ಆದರೆ ಬಿಟ್ಟದ್ದು ಯಾವುದು ಎಂದು ಕಂಡುಹಿಡಿಯುತ್ತಾಳೆ.

ಆರು ತಿಂಗಳಿಗೊಮ್ಮೆ ಸ್ಕ್ಯಾನು ಎಂದಿದ್ದಾರೆ ಡಾಕ್ಟರು. ಮುಂದಿನದು ಕಾರ್ತಿಕದಲ್ಲಿ. ಗಂಟು ಕಾಣದಿರಲಿ ಎಂದು ನಾನು ಬೇಡಿಕೊಳ್ಳಬಲ್ಲೆ, ಗಂಟೆಗಟ್ಟಲೆ ಮಾತಾಡಲೂ ಬಲ್ಲೆ. ಆದರೆ ಅವಳು ನನ್ನ ಮಾತು ಕೇಳುವವಳಲ್ಲ, ನಿಮ್ಮದನ್ನು ಕೇಳುತ್ತಾಳೆ.

ಇಂತಿ,
ಅಕ್ಕನ ಕಣ್ಣಲ್ಲಿ ನಿಮ್ಮ ಶಿಕ್ಕೆಯಷ್ಟೂ ಬೆಲೆಯಿಲ್ಲದ ತಮ್ಮ
ಬಾಳೇಶ, ಮುರಗೋಡ